ಬೆನ್ನ ಹಿಂದಿನ ಕೈ

ಓಥಾ ರೆಂಫ್ರೋ ನೆಟ್ಟಗೆ ನಿಂತನೆಂದರೆ ಸಾಕು, ಅವನ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗಿಬಿಡುತ್ತಿತ್ತು. ಬ್ಯಾಂಕಿನ ಸಾಲಿನಲ್ಲಿ, ಡಾಕ್ಟರ ಮುಂದೆ, ಹೆಂಡತಿ ಬೈಯುವಾಗ, ಎಲ್ಲಿ ನಿಂತರೂ ಅಷ್ಟೇ. ಮೊಣಕೈ ಮಡಿಸಿ, ಮುಷ್ಟಿಯನ್ನು ಹಗುರಾಗಿ ಮುಚ್ಚಿ, ಸೊಂಟದ ಮೇಲೆ ಒತ್ತಿಟ್ಟ ಕೈ. "ಹಿಂದ್ಗಡೆ ಏನ್ ಬಚ್ಚಿಟ್ಕೊಂಡಿದೀಯ ಮಾರಾಯ, ನಂಗೇನಾದ್ರೂ ತಂದ್ಯಾ?" ಎಂದು ಹೆಂಡತಿ ವರ್ಡೆಲ್ ಮದುವೆಯಾದ ಹೊಸತರಲ್ಲಿ ರೇಗಿಸುತ್ತಿದ್ದಳು. ಆಮೇಲೆ ಆ ತಮಾಷೆ ಹಳತಾಯಿತು. ಕೊನೆಗೆ ಒಂದು ಭಾನುವಾರ ಕಳೆದ ಮೇಲೆ ಅದನ್ನು ಆ ಮನೆಯಲ್ಲಿ ಯಾರೂ ಬಾಯಿಗೆ ತರಲಿಲ್ಲ.

ಈ ಅಭ್ಯಾಸ ಅವನಿಗೆ ಬಂದದ್ದು ಚರ್ಚಿನಿಂದ. ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣ ಭಾಗದಲ್ಲಿರುವ ನಮ್ಮೂರು ಟಾಲೋ ಕ್ರೀಕ್‌ನಲ್ಲಿ ಹುಟ್ಟಿದ ಕಪ್ಪು ಜನರಿಗೆಲ್ಲ ನ್ಯೂ ಷಾರನ್ ಚರ್ಚೇ ತವರುಮನೆ. ಅಲ್ಲಿ ಬಾಗಿಲಲ್ಲಿ ನಿಂತು, ಬಂದವರನ್ನು ಕರೆದೊಯ್ದು ಜಾಗ ತೋರಿಸಿ ಕೂರಿಸುವವರನ್ನು ಅಷರ್ ಎನ್ನುತ್ತೇವೆ. ಕಪ್ಪು ಸೂಟು, ಬಿಳಿ ಗ್ಲೌಸು, ಎದೆಗೊಂದು ಬಿಲ್ಲೆ. ಪ್ರಾರ್ಥನೆ ನಡೆಯುವಾಗ ಅಷರ್ ತುಟಿ ಬಿಚ್ಚುವಂತಿಲ್ಲ. ಎಲ್ಲ ಬಲಗೈ ಸನ್ನೆಯಲ್ಲೇ. ಎಡಗೈ ಬೆನ್ನ ಹಿಂದೆ. ಓಥಾ ಹುಡುಗನಾಗಿದ್ದಾಗ ಅವನ ದೊಡ್ಡಮ್ಮ ಲುವೀನಿಯಾ ಆ ಕೈಯನ್ನು ಕರವಸ್ತ್ರದಲ್ಲಿ ಅವನ ಸೊಂಟದ ಬೆಲ್ಟಿಗೇ ಕಟ್ಟಿ ನಿಲ್ಲಿಸಿ ಕಲಿಸಿದ್ದಳು. "ಬಲಗೈ ಕೊಡೋ ಕೈ ಕಣೋ. ಎಡಗೈ ಇಸ್ಕೊಳೋ ಕೈ. ದೇವರ ಮನೇಲಿ ಅದನ್ನ ಹಿಂದಿಟ್ಕೋ" ಎಂದಿದ್ದಳು. ದೊಡ್ಡವರು ಎದುರು ಬಂದರೆ, ಅಧಿಕಾರದಲ್ಲಿದ್ದವರು ಕರೆದರೆ ಹಾಗೆ ನಿಲ್ಲುವುದೇ ಮರ್ಯಾದೆ ಎಂದು ಅವನು ಕಲಿತ. ಹುಡುಗರಾಗಿದ್ದಾಗ ಕಲಿತದ್ದು ಗೊತ್ತಲ್ಲ, ಸುಟ್ಟರೂ ಹೋಗುವುದಿಲ್ಲ.

ಹೊಟ್ಟೆಪಾಡಿಗೆ ಮೀನಂಗಡಿ. ಡಿಪೋ ಬೀದಿಯಲ್ಲಿ ಅಪ್ಪನ ಕಾಲದಿಂದ ಇದ್ದದ್ದು. ಶುಕ್ರವಾರ ಬಂತೆಂದರೆ ಅರ್ಧ ಊರು ಅಲ್ಲಿ. ಕ್ಯಾಟ್‌ಫಿಶ್ ಸುಲಿಸಿಕೊಳ್ಳುವವರು, ಮಲೆಟ್ ಮೀನಿನ ಹುರುಪೆ ತೆಗೆಸಿಕೊಳ್ಳುವವರು, ಏನೂ ಕೊಳ್ಳದೆ ಹರಟೆಗೆಂದೇ ಬರುವವರು. ಕ್ಯಾಟ್‌ಫಿಶ್ ಸುಲಿಯುವುದರಲ್ಲಿ ಎಡಗೈಯದೇ ದೊಡ್ಡ ಕೆಲಸ. ಮೀನಿನ ತಲೆಯನ್ನು ಮುಳ್ಳು ಚುಚ್ಚದ ಹಾಗೆ ಹಿಡಿದಿರಬೇಕು, ಜಾರಿದರೆ ಬಿಗಿ ಮಾಡಬೇಕು. ಬಲಗೈ ಇಕ್ಕಳದಲ್ಲಿ ಚರ್ಮ ಎಳೆಯುತ್ತದೆ ಅಷ್ಟೇ. ಓಥಾ ಮಾತು ಕಡಿಮೆಯ ಮನುಷ್ಯ. ಜಗಳ ಎಂದರೆ ಅಲ್ಲಿಂದ ಎದ್ದು ಹೋಗುವವನು. ಅವನ ಹೆಸರು ಕೋರ್ಟಿನ ಕಾಗದದಲ್ಲಿ ಬರುತ್ತದೆಂದು ಯಾರಾದರೂ ಹೇಳಿದ್ದರೆ ಊರೇ ನಗುತ್ತಿತ್ತು.

ಅಷರುಗಳ ವಾರ್ಷಿಕೋತ್ಸವದ ಭಾನುವಾರ ಅದು. ಪ್ರಾರ್ಥನೆ ಮುಗಿದು, ಚರ್ಚಿನಲ್ಲೇ ಊಟವಾಗಿ, ಗಂಡಹೆಂಡತಿ ಮನೆಗೆ ಹೊರಟಿದ್ದರು. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತರು. ವರ್ಡೆಲ್ ಕಾರಿನಲ್ಲೇ ಕೂತಿದ್ದಳು. ತೊಡೆಯ ಮೇಲೆ ಉಳಿದ ಪೀಚ್ ಕಡುಬಿನ ತಟ್ಟೆ. ಓಥಾ ಇನ್ನೂ ಸೂಟಿನಲ್ಲಿದ್ದ, ಗ್ಲೌಸು ಕೂಡ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಪೊಲೀಸ್ ಕಾರೊಂದು ಬಂದು ನಿಂತಿತು. ಇಳಿದವನು ಹೋಲ್ಕಾಂ ಎಂಬ ಪೊಲೀಸಿನವನು, ಮೂವತ್ತರ ಆಸುಪಾಸಿನವನು. ಪಕ್ಕದ ಬೀದಿಯಲ್ಲಿ ಯಾರೋ ಅಂಗಡಿಯ ಗಾಜು ಒಡೆದು ಓಡಿದ್ದನಂತೆ, ಅವನನ್ನು ಹುಡುಕುತ್ತಿದ್ದ.

"ಸಾರ್, ನಿಂತ್ಕೊಳಿ ಅಲ್ಲೇ. ಸ್ವಲ್ಪ ಮಾತಾಡ್ಬೇಕು" ಎಂದ ಹೋಲ್ಕಾಂ.

ಓಥಾ ನಿಂತ. ನೆಟ್ಟಗೆ ನಿಂತ. ಎಡಗೈ ಬೆನ್ನ ಹಿಂದೆ ಹೋಯಿತು.

"ಕೈ ತೋರ್ಸು! ಏಯ್, ಕೈ ತೋರ್ಸು!"

ಓಥಾ ಬಿಳಿ ಗ್ಲೌಸಿನ ಬಲಗೈಯನ್ನು ಎತ್ತಿ ಅಂಗೈ ತೋರಿಸಿದ, ಚರ್ಚಿನಲ್ಲಿ ತೋರಿಸುವ ಹಾಗೆಯೇ. ಎಡಗೈಯನ್ನು ಯಾಕೆ ತೆಗೆಯಲಿಲ್ಲ ಎಂದು ಆಮೇಲೆ ವರ್ಷಗಟ್ಟಲೆ ಎಲ್ಲರೂ ಅವನನ್ನು ಕೇಳಿದರು. ಉತ್ತರ ಒಂದೇ. ಅದು ಅಲ್ಲಿದೆ ಎಂಬುದೇ ಅವನಿಗೆ ನೆನಪಿರಲಿಲ್ಲ. ನಿಂತಾಗ ಪಾದ ಎಲ್ಲಿದೆ ಎಂದು ಯಾರು ನೋಡಿಕೊಳ್ಳುತ್ತಾರೆ?

ಹೋಲ್ಕಾಂ ಹಾರಿ ಬಂದು ಅವನನ್ನು ಸಿಮೆಂಟಿನ ಮೇಲೆ ಕೆಡವಿದ. ಅಲ್ಲಿಯತನಕ ನಡೆದದ್ದಕ್ಕೆ ಓಥಾ ಅವನನ್ನು ಎಂದೂ ದೂರಲಿಲ್ಲ. "ಹೆದರ್ಕೊಂಡ ಪಾಪ" ಎನ್ನುತ್ತಿದ್ದ. ಆಮೇಲಿನದು ಬೇರೆ. ಓಥಾ ಬೋರಲು ಬಿದ್ದಿದ್ದ. ಎಡಗೈ ಪಕ್ಕಕ್ಕೆ ಚಾಚಿಕೊಂಡಿತ್ತು, ಬಿಚ್ಚಿದ ಅಂಗೈ ಮೇಲ್ಮುಖವಾಗಿ, ಒಳಗೆ ಏನೂ ಇಲ್ಲ. "ಏನೂ ಇಲ್ಲ ಸಾರ್, ಏನೂ ಇಲ್ಲ ಸಾರ್" ಎನ್ನುತ್ತಿದ್ದ. ಹೋಲ್ಕಾಂ ಭುಜದ ಮೇಲೆ ಮೊಣಕಾಲೂರಿ, ಆ ಖಾಲಿ ಕೈಯನ್ನು ಹಿಡಿದು ಹಿಂದಕ್ಕೆ ತಿರುಚಿದ. ತಿರುಚುತ್ತಲೇ ಹೋದ. ವರ್ಡೆಲ್ ಕಾರಿನಿಂದ ಇಳಿದು ಕೂಗಿದಳು. ಕಡುಬಿನ ತಟ್ಟೆ ನೆಲಕ್ಕೆ ಬಿತ್ತು. ಅವನು ಬಿಡಲಿಲ್ಲ. ಒಳಗೆ ಏನೋ ಟಕ್ಕೆಂದ ಸದ್ದು ಅವಳು ನಿಂತಲ್ಲಿಗೆ ಕೇಳಿಸಿತು.

ಬೇಡಿ ಹಾಕಿ ತನ್ನ ಕಾರಿನಲ್ಲಿ ಕೂರಿಸಿಕೊಂಡ. ಸ್ವಲ್ಪ ಹೊತ್ತಿಗೆ ರೇಡಿಯೋದಲ್ಲಿ ಸುದ್ದಿ ಬಂತು, ಗಾಜು ಒಡೆದವನು ಸಿಕ್ಕನಂತೆ, ಹದಿಹರೆಯದವನಂತೆ. ಬೇಡಿ ಬಿಚ್ಚಿದ. "ಆಯ್ತು, ನೀವು ಹೊರಡಬಹುದು ಸಾರ್" ಎಂದ ಹೋಲ್ಕಾಂ. ಮತ್ತೆ ಸಾರ್ ಆಗಿಬಿಟ್ಟಿದ್ದ ನೋಡಿ ಓಥಾ.

ಭುಜದ ನರದ ಗಂಟು ಹರಿದಿದೆ ಎಂದರು ಡಾಕ್ಟರು. ಎರಡು ಸಲ ಕೊಯ್ದು ಹೊಲಿದರು. ಕೈ ಉಳಿಯಿತು, ಸ್ಪರ್ಶ ಉಳಿಯಲಿಲ್ಲ. ಭುಜದಿಂದ ಕೆಳಗೆ ಮರಗಟ್ಟಿ ತೂಗಾಡುತ್ತಿತ್ತು. ಬೆರಳುಗಳು ಒಂದಿಷ್ಟು ಮಡಚಿಕೊಳ್ಳುತ್ತಿದ್ದವು. ಹಿಡಿದದ್ದು ಏನು, ಬಿಸಿಯೋ ತಣ್ಣಗೋ, ಗೊತ್ತಾಗುತ್ತಿರಲಿಲ್ಲ. ಓಥಾ ಅಂಗಡಿ ಮುಚ್ಚಲಿಲ್ಲ. ಹಲಗೆಗೆ ಒಂದು ಕ್ಲಾಂಪು ಬಿಗಿಸಿಕೊಂಡು ಮೀನಿನ ತಲೆ ಅದಕ್ಕೆ ಸಿಕ್ಕಿಸಿ ಒಂದೇ ಕೈಯಲ್ಲಿ ಸುಲಿಯಲು ಕಲಿತ. ಮೊದಲಿನ ಅರ್ಧದಷ್ಟೂ ಆಗುತ್ತಿರಲಿಲ್ಲ. ಗಿರಾಕಿಗಳು ಅಯ್ಯೋ ಎಂದರು, ಕಾದರು. ಒಂದಿಬ್ಬರು ಸೂಪರ್ ಮಾರ್ಕೆಟ್ಟಿಗೆ ಹೋದರು. ಓಥಾ ಅಳಲಿಲ್ಲ, ಕೂಗಾಡಲಿಲ್ಲ. ಕೈಯ ಜತೆಗೆ ಒಳಗಿನದೂ ಒಂದಿಷ್ಟು ಮರಗಟ್ಟಿತ್ತೆಂದು ವರ್ಡೆಲ್ ಹೇಳುತ್ತಿದ್ದಳು. ಊಟ ಬಡಿಸಿದರೆ ತಿನ್ನುತ್ತಿದ್ದ, ಬಡಿಸದಿದ್ದರೆ ಕೇಳುತ್ತಿರಲಿಲ್ಲ.

ಹೋಲ್ಕಾಂ ಮೇಲೆ ದಾವೆ ಹೂಡಲು ಚರ್ಚಿನವರೇ ಒತ್ತಾಯಿಸಿ ವಕೀಲೆಯನ್ನು ಕರೆತಂದರು. ಥೀಡಾ ಕ್ವಾರ್ಲ್ಸ್ ಎಂದು ಹೆಸರು, ಪಕ್ಕದ ಜಿಲ್ಲೆಯವಳು. ಇಂಥ ದಾವೆಗಳನ್ನೇ ಹಿಡಿಯುವವಳು, ಗೆದ್ದದ್ದು ಕಡಿಮೆ. ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ನೋಡಿದವರೆಲ್ಲ ಇನ್ನೇನು ಗೆದ್ದ ಹಾಗೇ ಎಂದರು. ಕ್ವಾರ್ಲ್ಸ್ ಹಾಗೆನ್ನಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿಗೇ ಬಂದು, ಮೀನಿನ ವಾಸನೆಗೆ ಮೂಗು ಕೂಡ ಸಿಂಡರಿಸದೆ ಒಂದು ಐಸ್ ಡಬ್ಬದ ಮೇಲೆ ಕೂತು ವಿವರಿಸಿದಳು.

"ಮಿಸ್ಟರ್ ರೆಂಫ್ರೋ, ಅವನು ಮಾಡಿದ್ದು ತಪ್ಪು ಅಂತ ತೋರಿಸಿದ್ರೆ ಸಾಲಲ್ಲ. ಪೊಲೀಸರಿಗೆ ಒಂದು ರಕ್ಷೆ ಇದೆ, ಕ್ವಾಲಿಫೈಡ್ ಇಮ್ಯೂನಿಟಿ ಅಂತಾರೆ. ಇದು ತಪ್ಪು ಅಂತ ಅವನಿಗೆ ಮೊದ್ಲೇ ಗೊತ್ತಿರ್ಬೇಕಿತ್ತು ಅಂತ ನಾವು ತೋರಿಸ್ಬೇಕು. ಅಂದ್ರೆ, ಇದೇ ಥರದ್ದು ಹಿಂದೆ ಯಾವಾಗಾದ್ರೂ ನಡೆದು, ಮೇಲಿನ ಕೋರ್ಟು 'ಇದು ತಪ್ಪು' ಅಂತ ಬರೆದಿರ್ಬೇಕು."

"ಇದೇ ಥರ ಅಂದ್ರೆ?"

"ಇದೇ ಥರ ಅಂದ್ರೆ ಇದೇ ಥರ. ಒಂದು ಕೇಸು ಸಿಕ್ಕಿದೆ, ಅದ್ರಲ್ಲಿ ಏಟು ತಿಂದವನು ಮಂಡಿಯೂರಿ ಎರಡೂ ಕೈ ಎತ್ತಿದ್ದ. ಇನ್ನೊಂದ್ರಲ್ಲಿ ಹೆಂಗಸಿಗೆ ಆಗಲೇ ಬೇಡಿ ಹಾಕಿತ್ತು. ನಿಮ್ಮ ಕೈ ಹಿಂದಿತ್ತು. ಬೆನ್ನ ಹಿಂದೆ ಕೈ ಇದ್ದವನದು ಒಂದೂ ಸಿಕ್ಕಿಲ್ಲ ನಂಗೆ."

ಮೀನು ಕೊಳ್ಳಲು ಬಂದು ಬಾಗಿಲಿಗೊರಗಿ ನಿಂತಿದ್ದ ಕ್ಲಿಯೋ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನು ಚರ್ಚಿನ ಹಿರಿಯ, ಓಥಾನ ಬಾಲ್ಯದ ಗೆಳೆಯ, ಊರಿಗೇ ದೊಡ್ಡ ಬಾಯಿ. "ತಡೀರಿ ತಡೀರಿ ಮೇಡಂ," ಎಂದ. "ಹಿಂದೆ ಯಾರಾದ್ರೂ ಗೆದ್ದಿದ್ರೆ ಇವನು ಗೆಲ್ತಾನೆ. ಸರಿ. ಆ ಹಿಂದಿನವನು ಹೆಂಗೆ ಗೆಲ್ತಾನೆ? ಅವನ ಹಿಂದೆ ಯಾರಾದ್ರೂ ಗೆದ್ದಿರ್ಬೇಕಲ್ಲ?"

"ಹೌದು."

"ಒಳ್ಳೇ ಕತೆಯಾಯ್ತಲ್ರೀ! ಹುಚ್ಚು ಬಿಡೋ ತನಕ ಮದುವೆ ಇಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ."

ಕ್ವಾರ್ಲ್ಸ್ ನಕ್ಕಳು. ಓಥಾ ನಗಲಿಲ್ಲ, ಯೋಚಿಸುತ್ತಿದ್ದ. ಆಮೇಲೆ ಕೇಳಿದ, "ನಾನು ಸೋತೆ ಅಂತಿಟ್ಕೊಳಿ. ಆದ್ರೂ ಅವರು ಇದು ತಪ್ಪು ಅಂತ ಬರೀಬಹುದಾ?"

"ಬರೀಬಹುದು. ತಪ್ಪು ಹೌದು, ಆದ್ರೆ ಹಿಂದೆ ಯಾರೂ ಹೇಳಿರ್ಲಿಲ್ಲ, ಅದಕ್ಕೆ ಈ ಸಲ ಬಿಟ್ಟಿದೀವಿ, ಇನ್ಮೇಲೆ ಬಿಡಲ್ಲ ಅಂತ ಬರೀಬಹುದು. ಹಾಗೆ ಬರೆದ್ರೆ ನಿಮಗೇನೂ ಸಿಗಲ್ಲ. ಮುಂದಿನವನಿಗೆ ಸಿಗತ್ತೆ."

"ಅಂದ್ರೆ ಮುಂದಿನವನ ವಕೀಲರಿಗೆ ನಂದು ಸಿಗತ್ತೆ. ಬೆನ್ನ ಹಿಂದೆ ಕೈ ಇದ್ದವನದು."

"ಹೌದು. ನಿಮ್ಮ ಹೆಸರಲ್ಲೇ ಸಿಗತ್ತೆ."

"ಆ ಒಂದು ಸಾಲು ಬೇಕು ನಂಗೆ" ಎಂದ ಓಥಾ. ಕೈ ಮರಗಟ್ಟಿದ ಮೇಲೆ ಅವನು ಬೇಕು ಎಂದ ಮೊದಲ ಮಾತು ಅದು. ಆ ಮಾತನ್ನು ವರ್ಡೆಲ್ ಅವನ ಬಾಯಿಂದಲೇ ಕೇಳಿಸಿಕೊಂಡಿದ್ದರೆ ಮುಂದಿನ ಜಗಳ ಆಗುತ್ತಿರಲಿಲ್ಲವೋ ಏನೋ. ಅವಳು ಆ ಹೊತ್ತಿಗೆ ವೃದ್ಧಾಶ್ರಮದಲ್ಲಿ ಕೆಲಸದಲ್ಲಿದ್ದಳು.

ಅಲ್ಲಿಂದ ಶುರುವಾಯಿತು ಚಪ್ಪಲಿ ಸವೆಸುವ ಕೆಲಸ. ಕೋರ್ಟು ಎಂದರೆ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ, ಸುಳ್ಳಲ್ಲ. ಮೊದಲು ಹೇಳಿಕೆ ತೆಗೆದುಕೊಳ್ಳಲು ಕರೆದರು. ಉದ್ದನೆಯ ಮೇಜು, ಕ್ಯಾಮೆರಾ, ಪೊಲೀಸಿನವನ ಪರವಾಗಿ ಊರಿನ ಪುರಸಭೆ ಕಳಿಸಿದ ವಕೀಲ. ಒಳ್ಳೆಯವನೇ, ನೀರು ಕೊಡಿಸಿದ, ಕುರ್ಚಿ ಸರಿಮಾಡಿಸಿದ. "ಮಿಸ್ಟರ್ ರೆಂಫ್ರೋ, ಅವತ್ತು ಹೇಗೆ ನಿಂತಿದ್ರಿ ಅಂತ ಸ್ವಲ್ಪ ನಿಂತು ತೋರಿಸ್ತೀರಾ?" ಎಂದ.

ಓಥಾ ಎದ್ದು ನಿಂತ. ಕೈ ತಾನಾಗಿ ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ ಈಗ. ಬಲಗೈಯಿಂದ ಎಡಗೈಯ ಮಣಿಕಟ್ಟು ಹಿಡಿದು, ಎಳೆದುಕೊಂಡು ಹೋಗಿ, ಬೆನ್ನ ಹಿಂದೆ ಇಟ್ಟ. ಬಲಗೈ ಬಿಟ್ಟ ಕೂಡಲೇ ಅದು ಜಾರಿ ತೊಡೆಗೆ ಬಡಿಯಿತು. ಮತ್ತೆ ಎತ್ತಿ ಇಟ್ಟ. ಮತ್ತೆ ಜಾರಿತು. ಟೈಪು ಮಾಡುತ್ತಿದ್ದ ಹೆಂಗಸು ಬೆರಳು ನಿಲ್ಲಿಸಿ ಬೇರೆ ಕಡೆ ನೋಡಿದಳು. "ಸಾಕು, ಸಾಕು, ಕೂತ್ಕೊಳಿ" ಎಂದ ವಕೀಲ. ಕೂತ ಮೇಲೆ ಕೇಳಿದ, "ಅಂದ್ರೆ ಆ ಕೈ ಅಧಿಕಾರಿಗೆ ಕಾಣಿಸ್ತಿರ್ಲಿಲ್ಲ, ಅಲ್ವಾ?"

"ನಿಂತಿದ್ದಾಗ ಕಾಣಿಸ್ತಿರ್ಲಿಲ್ಲ. ಬಿದ್ದ ಮೇಲೆ ಕಾಣಿಸ್ತಿತ್ತು."

"ನಿಂತಿದ್ದಾಗಿಂದು ಕೇಳ್ತಿದೀನಿ ನಾನು" ಎಂದ ವಕೀಲ, ಮೆತ್ತಗೆ.

ಕೆಳಗಿನ ಕೋರ್ಟಿನ ನ್ಯಾಯಾಧೀಶ ಆ ವಿಡಿಯೋ ನೋಡಿ, ಇದನ್ನು ಜ್ಯೂರಿಯ ಮುಂದೆ ಇಡಬೇಕು ಎಂದ. ಊರಿನ ಹನ್ನೆರಡು ಜನ ಕೂತು ನೋಡಿ ಹೇಳಲಿ ಎಂದು. ಚರ್ಚಿನಲ್ಲಿ ಆ ಭಾನುವಾರ ಹಾಡು ಜೋರಾಗಿತ್ತು. ಕ್ಲಿಯೋ ಅಂತೂ ಗೆದ್ದೇಬಿಟ್ಟೆವೆಂದು ತನ್ನ ಲೆಕ್ಕದಲ್ಲಿ ಎಲ್ಲರಿಗೂ ಮೀನು ಹುರಿಸಿದ. ಆದರೆ ಆ ರಕ್ಷೆ ಸಿಗುವುದಿಲ್ಲವೆಂದು ಕೆಳಗಿನ ಕೋರ್ಟು ಹೇಳಿದರೆ ಪೊಲೀಸಿನವನು ವಿಚಾರಣೆಗೆ ಮೊದಲೇ ಮೇಲಿನ ಕೋರ್ಟಿಗೆ ಹೋಗಬಹುದು, ಹೋದ. ಕೇಸು ಅಲ್ಲಿಗೆ ನಿಂತಿತು. ಒಂದು ವರ್ಷ ಹೋಯಿತು, ಎರಡನೆಯದೂ ಹೋಯಿತು. ಅಷ್ಟರಲ್ಲಿ ಹೋಲ್ಕಾಂ ಬಡ್ತಿ ಪಡೆದು ಸಾರ್ಜೆಂಟ್ ಆದ. ಡಿಪೋ ಬೀದಿಯಲ್ಲಿ ಅವನ ಕಾರು ದಿನಾ ಹೋಗುತ್ತಿತ್ತು. ಅವನು ಕೈ ಬೀಸುತ್ತಿರಲಿಲ್ಲ, ಮುಖ ತಿರುಗಿಸುತ್ತಲೂ ಇರಲಿಲ್ಲ. ಓಥಾ ಕೂಡ ನೋಡುತ್ತಿದ್ದ, ಬಸ್ಸು ಹೋದದ್ದನ್ನು ನೋಡಿದ ಹಾಗೆ.

ಆ ನಡುವೆಯೇ ಪುರಸಭೆಯವರು ರಾಜಿಗೆ ಬಂದದ್ದು. ದುಡ್ಡು ಕೊಡುತ್ತೇವೆ, ಆದರೆ ಯಾರ ತಪ್ಪೂ ಇಲ್ಲ ಎಂದು ಸಹಿ ಹಾಕಬೇಕು ಎಂದರು. ಅಂಥ ಭಾರೀ ದುಡ್ಡೇನಲ್ಲ. ಆದರೂ ಆಸ್ಪತ್ರೆಯ ಬಾಕಿ ತೀರುತ್ತಿತ್ತು, ವರ್ಡೆಲ್ ಎರಡನೆಯ ಪಾಳಿ ಬಿಡಬಹುದಿತ್ತು. ಕ್ವಾರ್ಲ್ಸ್ ಎರಡೂ ಕಡೆಯ ಲಾಭನಷ್ಟ ಹೇಳಿ, ನಿಮ್ಮಿಷ್ಟ ಎಂದಳು. ಅವತ್ತು ಅಡುಗೆಮನೆಯಲ್ಲಿ ವರ್ಡೆಲ್ ಜೋಳದ ನುಚ್ಚಿನ ಗಂಜಿ ತಿರುವುತ್ತ ಬೆನ್ನು ಹಾಕಿ ನಿಂತಿದ್ದಳು.

"ಸಹಿ ಹಾಕು ಓಥಾ. ಸಾಕು ಇನ್ನು."

"ಯಾರ ತಪ್ಪೂ ಇಲ್ಲ ಅಂತ ಬರೆದಿದೆ ಅದ್ರಲ್ಲಿ."

"ಬರೆದಿರ್ಲಿ! ನಿಂಗೆ ಗೊತ್ತು, ನಂಗೆ ಗೊತ್ತು, ದೇವರಿಗೆ ಗೊತ್ತು. ಇನ್ಯಾರಿಗೆ ಗೊತ್ತಾಗ್ಬೇಕು?"

"ಮುಂದೆ ಬರೋನ ವಕೀಲರಿಗೆ."

ವರ್ಡೆಲ್ ಸೌಟು ಕುಕ್ಕಿದಳು. "ಮುಂದೆ ಬರೋನು, ಮುಂದೆ ಬರೋನು! ಆ ಮುಂದೆ ಬರೋನು ನಿನ್ನ ಬೆನ್ನು ತಿಕ್ತಾನಾ? ಅಂಗಿ ಗುಂಡಿ ಹಾಕ್ತಾನಾ? ನಾನ್ ಹಾಕೋದು ಮಾರಾಯ. ಮುದುಕ್ರ ಮೈ ತೊಳೆದು ಬಂದು ನಿನ್ ಮೈ ತೊಳೀತೀನಿ. ಒಂದು ಸಾಲು ಬೇಕಂತೆ, ಸಾಲು! ಸಾಲನ್ನ ತಟ್ಟೆಗೆ ಹಾಕ್ಕೊಂಡು ತಿಂತೀವಾ ನಾವು?"

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಓಥಾ ತಲೆ ಬಗ್ಗಿಸಿ ನಿಂತೇ ಇದ್ದ. ಬಲಗೈ ಎಡಗೈಯನ್ನು ಹಿಡಿದು ಹಿಂದಕ್ಕೆ ಒಯ್ಯುತ್ತಿತ್ತು, ಅಭ್ಯಾಸಬಲ. ಅದನ್ನು ಕಂಡು ವರ್ಡೆಲ್‌ಗೆ ರೇಗಿತು, ಅಳು ಬಂತು. ಒಲೆ ಆರಿಸಿ ಹೊರಗೆ ಹೋದಳು. ಅವನು ಸಹಿ ಹಾಕಲಿಲ್ಲ. ಅಂದಿನಿಂದ ಅವಳು ಅವನ ಗುಂಡಿ ಹಾಕುತ್ತಿದ್ದಳು, ಬೆನ್ನು ತಿಕ್ಕುತ್ತಿದ್ದಳು, ಕೇಸಿನ ಬಗ್ಗೆ ಮಾತ್ರ ಒಂದು ಮಾತಾಡಲಿಲ್ಲ. ಚರ್ಚಿನಲ್ಲಿ ಮೂರನೆಯ ಸಾಲಿನಲ್ಲಿ ಕೂತು ನೇರ ಮುಂದಕ್ಕೆ ನೋಡುತ್ತಿದ್ದಳು, ಓಥಾ ನಿಲ್ಲುತ್ತಿದ್ದ ಬಾಗಿಲ ಕಡೆ ತಿರುಗುತ್ತಿರಲಿಲ್ಲ.

ಮೇಲಿನ ಕೋರ್ಟಿನ ತೀರ್ಪು ಬಂದದ್ದು ಶುಕ್ರವಾರ, ಅಂಗಡಿ ತುಂಬಿದ್ದಾಗ. ಕ್ವಾರ್ಲ್ಸ್ ಫೋನು ಮಾಡಲಿಲ್ಲ, ತಾನೇ ಬಂದಳು. ಅವಳ ಮುಖ ನೋಡಿಯೇ ಸಾಲಿನಲ್ಲಿದ್ದವರು ಸರಿದು ದಾರಿ ಬಿಟ್ಟರು. ಓಥಾ ಚಾಕು ಕೆಳಗಿಡಲಿಲ್ಲ.

"ಸೋತ್ವಿ" ಎಂದಳು.

"ಸಾಲು?"

ಕ್ವಾರ್ಲ್ಸ್ ಕಾಗದ ತೆಗೆದಳು, ಮತ್ತೆ ಒಳಗಿಟ್ಟಳು. ಬಾಯಲ್ಲೇ ಹೇಳಿದಳು. "ಮೂರೂ ಜನ ಜಡ್ಜ್‌ಗಳು ಒಂದೇ ಮಾತು ಬರೆದಿದಾರೆ. ಅಧಿಕಾರಿ ಮಾಡಿದ್ದು ತಪ್ಪೋ ಸರಿಯೋ ಅಂತ ನಾವು ತೀರ್ಮಾನ ಮಾಡೋ ಅಗತ್ಯ ಇಲ್ಲ. ತಪ್ಪೇ ಆಗಿದ್ರೂ, ಕೈಯನ್ನ ಹಿಂದೆ ಇಟ್ಟಿದ್ದ ಮನುಷ್ಯನ ವಿಷಯದಲ್ಲಿ ಇದು ತಪ್ಪು ಅಂತ ಹಿಂದೆ ಯಾವ ಕೋರ್ಟೂ ಹೇಳಿಲ್ಲ. ಅಷ್ಟೇ."

"ಬರೀಲೇ ಇಲ್ವಾ?"

"ಬರೀಲಿಲ್ಲ. ಬರೀಲೇಬೇಕು ಅಂತ ಕಾನೂನು ಹೇಳಲ್ಲ. ಇನ್ನೂ ಮೇಲಿನ ಕೋರ್ಟಿಗೆ ಅರ್ಜಿ ಹಾಕ್ಬಹುದು, ಆದ್ರೆ ಅವರು ಇಂಥದನ್ನ ಕೈಗೆತ್ಕೊಳಲ್ಲ. ನಿಮಗೆ ಸುಳ್ಳು ಹೇಳಲ್ಲ ನಾನು."

ಓಥಾ ಹಲಗೆಯ ಮೇಲಿನ ಮೀನನ್ನು ಬದಿಗೆ ಸರಿಸಿದ. "ನಾಳೆ ಇನ್ನೊಬ್ಬ ಹೀಗೇ ನಿಂತಿದ್ದ ಅಂದ್ಕೊಳಿ. ಇದೇ ಬಂಕು, ಇದೇ ಕೈ. ಅವನಿಗೂ ಹೀಗೇ ಮಾಡಿದ್ರೆ?"

"ಹಿಂದೆ ಯಾರೂ ಹೇಳಿಲ್ಲ ಅಂತಾರೆ."

"ನಾನಿದೀನಲ್ಲ ಹಿಂದೆ."

"ನೀವಿದೀರಿ ಮಿಸ್ಟರ್ ರೆಂಫ್ರೋ. ಆದ್ರೆ ತಪ್ಪು ಅಂತ ಬರ್ದಿಲ್ಲ."

"ನಾನೇ ನಿಂತಿದ್ರೆ? ಅದೇ ಹೋಲ್ಕಾಂ ಬಂದು ಮತ್ತೆ ನನ್ನೇ ಕೆಡವಿದ್ರೆ?"

ಕ್ವಾರ್ಲ್ಸ್‌ಗೆ ಕಣ್ಣು ತುಂಬಿತ್ತು. ಓಥಾ "ಸರಿ ಮೇಡಂ, ಇಷ್ಟು ದೂರ ಬಂದ್ರಿ, ಒಂದಿಷ್ಟು ಮಲೆಟ್ ತಗೊಂಡೋಗಿ" ಎಂದು ಮೀನು ತುಂಡರಿಸಿ ಕಾಗದದಲ್ಲಿ ಸುತ್ತಲು ಶುರು ಮಾಡಿದ. ಒಂದು ಗಳಿಗೆಗೆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕಿರುಚಿದಳು. ಐಸಿನ ಮೇಲೆ ರಕ್ತ ಹರಡುತ್ತಿತ್ತು. ಹಲಗೆಯಂಚಿನಲ್ಲಿ ಬಿದ್ದಿದ್ದ ಎಡಗೈಯ ಹೆಬ್ಬೆರಳನ್ನು ಚಾಕು ಸೀಳಿತ್ತು. ಓಥಾ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಕ್ಲಿಯೋ ಓಡಿಬಂದು ಏಪ್ರನ್ ಹರಿದು ಕಟ್ಟಿದ.

ಭಾನುವಾರ ಬೆಳಗ್ಗೆ ಪ್ರಾರ್ಥನೆಗೆ ಮೊದಲು ಅಷರುಗಳೆಲ್ಲ ಚರ್ಚಿನ ಊಟದ ಕೋಣೆಯಲ್ಲಿ ಸೇರುವುದು ಪದ್ಧತಿ. ಸಿಸ್ಟರ್ ಯೂಲಾ ಪೆಟ್‌ವೇ ಅವರಿಗೆಲ್ಲ ಅಧ್ಯಕ್ಷೆ. ನಮ್ಮ ಚರ್ಚಿನಲ್ಲಿ ಒಬ್ಬರನ್ನೊಬ್ಬರು ಸಿಸ್ಟರ್, ಬ್ರದರ್ ಎಂದೇ ಕರೆಯುವುದು. ಎಂಬತ್ತು ದಾಟಿದವಳು, ಗ್ಲೌಸಿನಲ್ಲಿ ಒಂದು ಕಲೆ ಕಂಡರೂ ವಾಪಸು ಕಳಿಸುವವಳು. ಅವತ್ತು ಹೊಸದಾಗಿ ಸೇರಿದವರು ಐದಾರು ಜನ ಇದ್ದರು, ಇನ್ನೂ ಶಾಲೆಗೆ ಹೋಗುವವರು. ಗೋಡೆಯುದ್ದಕ್ಕೂ ನೆಟ್ಟಗೆ ನಿಂತಿದ್ದರು, ಪ್ರತಿಯೊಬ್ಬರ ಎಡಗೈ ಬೆನ್ನ ಹಿಂದೆ. ಅವರಿಗೆಲ್ಲ ಹಾಗೆ ನಿಲ್ಲಲು ಕಲಿಸಿದವನು ಓಥಾನೇ.

ಓಥಾ ಬಾಗಿಲಲ್ಲಿ ನಿಂತು ಆ ಸಾಲನ್ನು ನೋಡಿದ. ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು, ಗ್ಲೌಸು ಏರಿರಲಿಲ್ಲ.

"ಸಿಸ್ಟರ್ ಯೂಲಾ," ಎಂದ, "ಇವತ್ತಿಂದ ಎರಡೂ ಕೈ ಮುಂದೆ."

"ಏನಂದ್ರಿ ಬ್ರದರ್ ಓಥಾ?"

"ಎರಡೂ ಕೈ ಮುಂದೆ ಇಟ್ಕೋಬೇಕು. ಅಂಗೈ ಬಿಚ್ಚಿ. ಇಲ್ಲೂ ಅಷ್ಟೇ, ಹೊರಗೂ ಅಷ್ಟೇ."

ಸಿಸ್ಟರ್ ಯೂಲಾ ಕೋಲು ಕುಟ್ಟಿದಳು. "ನಮ್ಮಜ್ಜಿ ಕಾಲದಿಂದ ಬಂದ ಪದ್ಧತಿ ಕಣಯ್ಯಾ ಇದು! ತಪ್ಪು ಮಾಡಿದೋನು ಅವನು, ನಾವ್ಯಾಕೆ ಕೈ ಬದಲಾಯಿಸ್ಬೇಕು? ನಿಮ್ಮ ಲುವೀನಿಯಾ ದೊಡ್ಡಮ್ಮ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾಳೆ!"

"ಬರ್ಲಿ," ಎಂದ ಓಥಾ. "ಬರುವಾಗ ಎರಡೂ ಕೈ ಮುಂದಿಟ್ಕೊಂಡು ಬರೋಕೆ ಹೇಳಿ."

ಯಾರೂ ನಗಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖ ಕೂಡ ಇರಲಿಲ್ಲ; ಮೀನಿನ ದರ ಹೇಳುವಾಗಿನ ದನಿ. ಸಿಸ್ಟರ್ ಯೂಲಾ ಅವನನ್ನೇ ನೋಡಿದಳು. ಅವಳ ಮೊಮ್ಮಗಳೂ ಆ ಸಾಲಿನಲ್ಲಿದ್ದಳು. ಮುದುಕಿ ತನ್ನ ಎಡಗೈಯನ್ನು ಬೆನ್ನ ಹಿಂದಿನಿಂದ ತಂದು ಹೊಟ್ಟೆಯ ಮುಂದೆ ಬಲಗೈಯ ಪಕ್ಕ ಇಟ್ಟಳು. ಆ ಕೈಗೆ ಅಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬೊಬ್ಬರೇ ಹಾಗೆ ಮಾಡಿದರು. ಕೊನೆಗೂ ಒಂದು ನಿಯಮ ಆಯಿತು ನೋಡಿ. ಪೊಲೀಸಿನವನ ಕೈಗೆ ಅಲ್ಲ, ನಮ್ಮ ಕೈಗೆ.

ಪ್ರಾರ್ಥನೆ ಶುರುವಾಯಿತು. ಅಷರುಗಳು ತಂತಮ್ಮ ಜಾಗದಲ್ಲಿ ನಿಂತರು. ಬೆಂಚುಗಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹಾಡು ತಗ್ಗಿತು. ಓಥಾ ನಡುವಿನ ಬಾಗಿಲಲ್ಲಿ ನಿಂತು ಎಡಗೈಯನ್ನು ಎತ್ತಿ ಮುಂದಿಟ್ಟುಕೊಂಡ. ಜಾರಿತು. ಮತ್ತೆ ಎತ್ತಿದ. ಬಂದವರನ್ನು ಕೂರಿಸಲು ಬಲಗೈ ಬೇಕು, ಬಲಗೈ ಬಿಟ್ಟರೆ ಎಡಗೈ ಬೀಳುತ್ತದೆ. ಎತ್ತಿದ, ಬಿತ್ತು. ಅವನು ಬೇಸರವಿಲ್ಲದೆ ಮತ್ತೆ ಮತ್ತೆ ಎತ್ತಿ ಇಡುತ್ತಲೇ ಇದ್ದ.

ಮೂರನೆಯ ಸಾಲಿನಲ್ಲಿ ವರ್ಡೆಲ್ ತಿರುಗಿ ನೋಡಿದಳು. ಪಾದ್ರಿ ಪ್ರಾರ್ಥನೆಗೆಂದು ತಲೆ ಬಗ್ಗಿಸಿದ್ದ. ಆ ಹೊತ್ತಿನಲ್ಲಿ ನ್ಯೂ ಷಾರನ್‌ನಲ್ಲಿ ಯಾರೂ ಏಳುವುದಿಲ್ಲ, ಎದ್ದರೆ ಸಿಸ್ಟರ್ ಯೂಲಾ ಬಿಡುವುದೂ ಇಲ್ಲ. ವರ್ಡೆಲ್ ಎದ್ದಳು. ನಡುವಿನ ದಾರಿಯುದ್ದಕ್ಕೂ ಅವಳ ಚಪ್ಪಲಿಯ ಸದ್ದು ಎಲ್ಲರಿಗೂ ಕೇಳಿಸಿತು. ಸಿಸ್ಟರ್ ಯೂಲಾ ಕಣ್ಣು ಮುಚ್ಚಿಕೊಂಡಳು. ವರ್ಡೆಲ್ ಬಂದು ಗಂಡನ ಎಡಗಡೆ ನಿಂತು, ಜೋತುಬಿದ್ದ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ ಮುಂದೆ ಹಿಡಿದುಕೊಂಡಳು.

ಓಥಾ ಬಾಗಿಲ ಕಡೆಯೇ ನೋಡುತ್ತಿದ್ದ. ಕೈ ಈ ಸಲ ಯಾಕೆ ಬೀಳಲಿಲ್ಲ ಎಂದು ಕೆಳಗೆ ನೋಡಿದ ಮೇಲೆಯೇ ಅವಳು ಅದನ್ನು ಹಿಡಿದುಕೊಂಡಿದ್ದಾಳೆಂದು ಅವನಿಗೆ ಗೊತ್ತಾಯಿತು.